ಕಾಲು ಮಡಿಸಿದ ಭಾನುವಾರ

ಜನ್ನಾಪುರ, ಭದ್ರಾವತಿ
೬-೩-೧೯೬೩

ಪೂಜ್ಯ ಭಾವನವರಾದ ಷಡಕ್ಷರಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ಸೋಮವಾರ ಕಾರು ತಂದು ತಮ್ಮನನ್ನು ಶಿವಮೊಗ್ಗದ ಮನೆಗೆ ಕರೆದೊಯ್ಯುತ್ತೇನೆ, ಕೊನೆಯ ದಿನಗಳು ಬಂಧುಗಳ ನಡುವೆ ಕಳೆಯಲಿ ಎಂದಿದ್ದೀರಿ. ಕಾರು ತರಬೇಡಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ನಾನು ಗಂಜಿ ಕಾಯಿಸಿ ಒಳಗೆ ಬರುವಷ್ಟರಲ್ಲಿ ನೀವು ಇವರ ಎರಡೂ ಕಾಲು ಮಡಿಸಿ ಪಂಚೆಯಿಂದ ಕಟ್ಟಿದ್ದಿರಿ. ಯಾಕೆಂದು ಕೇಳಿದೆ. “ಕಾಲು ಸೆಟೆದುಹೋದ್ರೆ ಆಮೇಲೆ ಕೂರಿಸೋಕೆ ಆಗಲ್ಲಮ್ಮ. ಈಗಿಂದ್ಲೇ ರೂಢಿ ಮಾಡಿಸು,” ಎಂದಿರಿ. ಇವರ ಮುಂದೆಯೇ. ನಾನು ಇವರ ಕಡೆ ಸನ್ನೆ ಮಾಡಿದರೆ, “ಅವನಿಗೇನು ತಿಳಿಯುತ್ತೆ ಬಿಡು,” ಎಂದಿರಿ. ಇವರ ಕಣ್ಣಿನ ನೀರು ಕಿವಿಗೆ ಇಳಿಯುತ್ತಿತ್ತು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆಂದು ನನಗೂ ಗೊತ್ತು, ಭಾವ. ಅದು ಸತ್ತವರಿಗೆ. ಇವರ ಕೈಕಾಲು ಸೋತಿವೆ, ನಾಲಿಗೆ ಸೋತಿದೆ. ಬುದ್ಧಿಗೆ ಏನೂ ಆಗಿಲ್ಲ ಎಂದು ಡಾಕ್ಟರು ನಿಮ್ಮೆದುರೇ ಹೇಳಿದರು. ಅನುವಾದದ ಕಾದಂಬರಿ ಓದಿ ಹೇಳುವಾಗ ಉದ್ದನೆಯ ರಷ್ಯನ್ ಹೆಸರೊಂದನ್ನು ನಾನು ತಪ್ಪಾಗಿ ಓದಿದರೆ ಕಣ್ಣು ಅಗಲಿಸಿ ತಡೆಯುತ್ತಾರೆ. ನೀವು ಮೂರು ಗಂಟೆ ಕೂತು, ಗುಂಡಿಗೆ ಜಾಗ ಯಾವುದು, ಕ್ರಿಯೆ ನಡೆಸುವ ಅಯ್ಯನವರಿಗೆ ಯಾರು ಹೇಳಿಕಳಿಸಬೇಕು, ಎಲ್ಲ ಮಾತಾಡಿದಿರಿ. ತಮ್ಮನೊಂದಿಗೆ ಒಂದು ಮಾತೂ ಆಡಲಿಲ್ಲ.

ಇಲ್ಲಿ ಸಿದ್ಧತೆಯಾಗಿದೆ. ಜೊಲ್ಲು ಗಂಟಲಿಗೆ ಸಿಕ್ಕದಂತೆ ಮಂಚದ ತಲೆಗಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇನೆ. ಮಗ್ಗುಲು ಬದಲಿಸಲು ಪಕ್ಕದ ಮನೆಯ ಯಲ್ಲಮ್ಮ ಬರುತ್ತಾಳೆ. ಉಸಿರು ಕಟ್ಟಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಡಾಕ್ಟರಿಂದ ಬರೆಸಿಕೊಂಡಿದ್ದೇನೆ. ಆ ಚೀಟಿಯನ್ನು ಇವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಗೋಡೆಗೆ ಅಂಟಿಸಿದೆ.

ನಿಮ್ಮ ಕಾಗದವನ್ನೂ ಓದಿ ಹೇಳಿದೆ. ನಾನು ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತೇನೆ, ಬೇಕಾದ ಅಕ್ಷರಕ್ಕೆ ಇವರು ಕಣ್ಣು ಮುಚ್ಚುತ್ತಾರೆ. ನಾವು ಮಾತಾಡುವುದು ಹೀಗೆ. ಮೊದಲು ಸಿಕ್ಕಿದ ಉತ್ತರ, “ಇಲ್ಲೇ.” ಅಷ್ಟೇ ಎಂದುಕೊಂಡೆ. ನೋಟ ನನ್ನನ್ನು ಬಿಡಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದೆ. ಅರ್ಧ ಗಂಟೆ ಹಿಡಿಯಿತು: “ಕಾಲು ಮಡಿಸಲ್ಲ. ಅಣ್ಣ ಗುಂಡಿ ಅಗಲ ತೋಡಿಸ್ಲಿ.”

ನಾನು ನಕ್ಕೆ. ಮುಖದಲ್ಲಿ ಉಳಿದಿರುವಷ್ಟರಲ್ಲಿ ಇವರೂ ನಕ್ಕರು.

ಭಾನುವಾರ ಬಸ್ಸಿನಲ್ಲಿ ಬನ್ನಿ. ಮಂಚದ ಪಕ್ಕ ಕುರ್ಚಿ ಹಾಕಿರುತ್ತೇನೆ. ಕ್ಷಮೆ ಕೇಳುವುದಿದ್ದರೆ ನನ್ನನ್ನಲ್ಲ, ಇವರನ್ನು ಕೇಳಿ.

ಶಿವ ನಿಮಗೆ ಕೊನೆಯವರೆಗೂ ಮಾತು ಉಳಿಸಲಿ. ಉಳಿಸದಿದ್ದರೆ, ನಿಮ್ಮ ಕಣ್ಣನ್ನು ನೋಡುವವರನ್ನಾದರೂ ಕೊಡಲಿ.

ನಮಸ್ಕಾರಗಳೊಂದಿಗೆ,
ನಿಮ್ಮ ತಮ್ಮನ ಹೆಂಡತಿ
ಜಗದಾಂಬಾ