ತಗಡಿನ ಹಿಂದೆ ಹನ್ನೊಂದು ಸಹಿ

ಸರಗೋಸಾ, 1964

ಮೇ 4, ಸೋಮವಾರ
ಕಾರ್ಖಾನೆಯಲ್ಲಿ ಮತ್ತೆ ಫ್ರಿಜ್ ಬಾಗಿಲಿಗೆ ರಬ್ಬರ್ ಕೂರಿಸುವ ಕೆಲಸ. ನೂರಾ ನಲವತ್ತು ಬಾಗಿಲು. ಬೆರಳು ಸುಲಿದಿದೆ. ಜೊತೆ ಕೆಲಸದ ಫೆರ್ಮಿನ್ ಮುಷ್ಕರದ ಕಾಗದ ಕೊಟ್ಟ, ಬಚ್ಚಿಡಲು. ಹನ್ನೊಂದು ಸಹಿ, ಮೊದಲನೆಯದು ನನ್ನದು. ಪೊಲೀಸರಿಗೆ ಸಿಕ್ಕರೆ ಹನ್ನೊಂದು ಜನರಿಗೂ ಜೈಲು. ಅಡುಗೆಮನೆಯ ಹಳೇ ಐಸ್ ಪೆಟ್ಟಿಗೆಯ ಒಳತಗಡಿನ ಹಿಂದೆ, ಕರಪತ್ರಗಳ ಜೊತೆ ಇಟ್ಟೆ. ಹೊಸ ಕರಪತ್ರದ ಮೊದಲ ಸಾಲು ನನ್ನದೇ: ಬಾಯಿ ಮುಚ್ಚಿಸಲು ಬಂದೂಕು ಬೇಕಿಲ್ಲ, ಫ್ರಿಜ್ ಸಾಕು.

ಮೇ 9, ಶನಿವಾರ
ಮನೆ ತುಂಬ ನೆರೆಯವರು. ನಡುವೆ, ಬೆಳ್ಳಗೆ — ಫ್ರಿಜ್. ಅಮ್ಮ ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ...
"ಒಳಗೆ ದೀಪ ನೋಡೇ ಕಾಸಿಲ್ದಾ! ಆರು ವರ್ಷ ಕಂಡೋರ ಬಟ್ಟೆ ಒಗ್ದಿದ್ದು ಇದಕ್ಕೇ."
"ಐಸ್ ಪೆಟ್ಟಿಗೆ ಎಲ್ಲಮ್ಮಾ?"
"ಆ ಕೊಳಕು ಡಬ್ಬಾನಾ? ಒಬ್ದುಲಿಯಾಗೆ ಕೊಟ್ಬಿಟ್ಟೆ. ಮೊಲ ಸಾಕ್ತಾಳಂತೆ."
ಒಬ್ದುಲಿಯಾ. ಕೆಳಬಾಗಿಲು ಕಾಯುವವಳು. ಯಾರು ಬಂದರು, ಯಾರು ಹೋದರು ಎಂದು ಪೊಲೀಸರಿಗೆ ಒಪ್ಪಿಸುವವಳು.

ಮೇ 10, ಮಧ್ಯಾಹ್ನ
ಐಸ್ ಪೆಟ್ಟಿಗೆ ಅಂಗಳದಲ್ಲಿತ್ತು. ಒಳಗೆ ಎರಡು ಮೊಲ. ತಗಡು ಕಿತ್ತುಬಂದಿತ್ತು, ಹಿಂದೆ ಏನೂ ಇಲ್ಲ. ಬೆನ್ನ ಹಿಂದೆ ಒಬ್ದುಲಿಯಾ.
"ಏನ್ ಹುಡುಕ್ತಿದೀಯ ಮಗಳೇ? ನಿನ್ ಸಹಿ ಎಷ್ಟು ಮುದ್ದಾಗಿದೆ ಕಣೇ!"
ಪೆಟ್ಟಿಗೆಯೊಳಗಿಂದ ಕೈ ತೆಗೆದೆ.
"ಹೆದರ್ಬೇಡ. ನಾನ್ಯಾಕೆ ಹೇಳ್ಲಿ? ನಿಮ್ಮಮ್ಮನ ಫ್ರಿಜ್ ಮಾತ್ರ... ಅಬ್ಬಾ, ಹಾಲಿನ ಥರ ಇದೆ."

ಮೇ 14
ಮೆಟ್ಟಿಲಲ್ಲಿ ಯಾರು ಕೆಮ್ಮಿದರೂ ಎದ್ದು ಬಾಗಿಲಿಗೆ ಕಿವಿಗೊಡುತ್ತೇನೆ. ಅಮ್ಮನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಹಾಲು ಹೊರಗಿಟ್ಟಳು. ಮೊಟ್ಟೆ ಹೊರಗಿಟ್ಟಳು. ಒಳಗೆಲ್ಲ ಒರೆಸಿದಳು. ಇನ್ನೊಮ್ಮೆ ಬಾಗಿಲು ತೆಗೆದು ದೀಪ ನೋಡಿದಳು.
"ಪಕ್ಕದ್ಮನೆಯೋರ್ನ ಕರಿ. ಕೆಳಗೆ, ಒಬ್ದುಲಿಯಾ ಮನೆಗೆ ಇಳಿಸ್ಬೇಕು."
ಆ ಬಾಗಿಲಿನ ರಬ್ಬರ್ ನಾನೇ ಕೂರಿಸಿದ್ದೇನೋ.

ಮೇ 23
ಫ್ರಿಜ್ ಕೊಟ್ಟು ಒಂಬತ್ತು ದಿನ. ಕಾಗದ ಇನ್ನೂ ಕೈಗೆ ಬಂದಿಲ್ಲ. ಕೆಲಸದಿಂದ ಬರುವಾಗ ಒಬ್ದುಲಿಯಾ ಬಾಗಿಲಲ್ಲೇ ತಡೆದಳು.
"ಕಾಗದ ಜೋಪಾನವಾಗಿದೆ ಮಗಳೇ. ಫ್ರಿಜ್ಜಲ್ಲೇ ಇಟ್ಟಿದೀನಿ, ಕೆಡಲ್ಲ." ನಕ್ಕಳು. "ಅಲ್ಲಾ, ನಿನ್ ಜೊತೆ ಇನ್ನೂ ಹತ್ ಜನ ಸಹಿ ಹಾಕಿದಾರಲ್ಲ... ಅವರಲ್ಲಿ ಯಾರ ಮನೇಲಾದ್ರೂ ಟೆಲಿವಿಷನ್ ಇದ್ಯಾ?"
ಫೆರ್ಮಿನ್ ಮನೆಯಲ್ಲಿದೆ. ಅವನಮ್ಮ ಅದಕ್ಕೆ ಕಸೂತಿ ಬಟ್ಟೆ ಹೊದಿಸಿದ್ದಾಳೆ.
"ಇಲ್ಲ ಸೆನ್ಯೋರಾ."
"ಹೌದಾ?" ಎಂದಳು. ಅಷ್ಟೇ.

ಅದೇ ದಿನ, ಏಳು ಗಂಟೆ
ಕೆಳಗೆ ಬೂಟಿನ ಸದ್ದು. ಎರಡು ಜೊತೆ. ಒಬ್ದುಲಿಯಾ ಯಾರಿಗೋ ನಮ್ಮ ಮಹಡಿ ಹೇಳುತ್ತಿದ್ದಾಳೆ. ಈ ದಿನಚರಿ ಪುಸ್ತಕದಲ್ಲಿ ಕಾಗದ ಕೊಟ್ಟ ಫೆರ್ಮಿನ್ ಹೆಸರಿದೆ. ಎಲ್ಲಿ ಬಚ್ಚಿಡಲಿ? ಐಸ್ ಪೆಟ್ಟಿಗೆಯೂ ಈಗ ಅವಳ ಹತ್ತಿರವೇ —