ಹನ್ನೆರಡು ಮಿಲಿಮೀಟರ್

ಭಾನುವಾರ, ಬೆಳಗಿನ ಹತ್ತು ಗಂಟೆ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೇರಿರುವ ನಿಮಗೆಲ್ಲ ನನ್ನ ವಂದನೆಗಳು.

ರಜೆಯ ದಿನವನ್ನು ಬಿಟ್ಟು ಬಂದಿದ್ದೀರಿ. ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಈ ಪತ್ರವನ್ನು ನನ್ನ ಹೆಂಡತಿಯ ತಮ್ಮ ಗಟ್ಟಿಯಾಗಿ ಓದುತ್ತಾನೆ. ನಾನು ಒಳಕೋಣೆಯಲ್ಲಿದ್ದೇನೆ, ಬಾಗಿಲು ತೆರೆದಿದೆ, ಎಲ್ಲವೂ ಕೇಳಿಸುತ್ತದೆ. ಕಾಲೇಜಿನಲ್ಲಿ ಸತತ ಮೂರು ವರ್ಷ ಚರ್ಚಾಸ್ಪರ್ಧೆಯ ಫಲಕ ಗೆದ್ದವನು ಇಂದು ಹತ್ತು ಜನರ ಮುಂದೆ ಬಾಯಿ ತೆರೆಯಲಾರದೆ ಕಾಗದದ ಮೊರೆ ಹೋದನಲ್ಲ ಎಂದು ನಿಮಗೆ ನಗು ಬಂದರೆ ತಡೆಯಬೇಡಿ. ಮಗಳಿದ್ದಿದ್ದರೆ ಮೊದಲು ನಗುತ್ತಿದ್ದವಳು ಅವಳೇ.

ಇನ್ನು ಅನುಕಂಪ. ಅದನ್ನು ನಾನು ಸ್ವೀಕರಿಸುವುದಿಲ್ಲ. ಈ ಇಪ್ಪತ್ತು ದಿನಗಳಲ್ಲಿ ನೋವಿಲ್ಲದೆ ಹೋದಳು ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ನಾಲ್ಕು ದಿನ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದವನು ನಾನು, ಅದು ಸುಳ್ಳು. ನಿಮ್ಮಷ್ಟು ಗಟ್ಟಿ ಮನುಷ್ಯರನ್ನು ಕಂಡಿಲ್ಲ ಎಂದಿದ್ದೀರಿ. ಅದೂ ಸುಳ್ಳು. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಟ್ಟಾಗ ಕೆನ್ನೆ ಇದ್ದಲ್ಲೇ ಇರುತ್ತದೆ, ಮುಟ್ಟಿದರೆ ಬೇರೆ ಯಾರದೋ ಎನಿಸುತ್ತದೆ. ನಾನು ಹಾಗಿದ್ದೇನೆ. ಇದರಲ್ಲಿ ಗಟ್ಟಿತನವೂ ಇಲ್ಲ, ಸಂತೈಸಬೇಕಾದ್ದೂ ಇಲ್ಲ.

ನಿಮ್ಮನ್ನು ಕರೆಸಿದ್ದು ಒಂದು ತೀರ್ಮಾನ ತಿಳಿಸಲು. ವಿಷಯ ಪೂರ್ತಿ ಗೊತ್ತಿಲ್ಲದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ನನ್ನ ಮಗಳು ಕಟ್ಟುಹಲ್ಲು ತಯಾರಿಸುವ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದಳು. ಹೋದ ವರ್ಷ ಮೂವತ್ತು ವರ್ಷ ಹಳೆಯದಾದ, ಎರಡು ಬಾಗಿಲಿನ ಒಂದು ಇಟಾಲಿಯನ್ ಸ್ಪೋರ್ಟ್ಸ್ ಕಾರು ಕೊಂಡಳು. ಕೆಂಪು ಬಣ್ಣ ಬಿಸಿಲಿಗೆ ಇಟ್ಟಿಗೆಯಂತಾಗಿತ್ತು. ಹಿಂದಿನ ಮಾಲೀಕನ ಕಾಲದಲ್ಲೇ ಬೆಲ್ಟು ಹರಿದು ಎಂಜಿನ್ನು ಹಾಳಾಗಿತ್ತು. ಅದನ್ನು ಎಳೆಸಿಕೊಂಡು ಬಂದ ದಿನ, ಈಗ ನಿಮ್ಮ ನಡುವೆ ತಲೆ ತಗ್ಗಿಸಿ ಕುಳಿತಿರುವ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಹಲ್ಲಿಲ್ಲದ ಬಾಯಿ ಕಣಮ್ಮ ಇದು. ಸರಿಯಾದವರ ಕೈಗೇ ಬಿದ್ದಿದೆ" ಎಂದಿದ್ದ. ಅಂದಿನಿಂದ ಅವಳು ಅವನ ಶೆಡ್ಡಿನಲ್ಲಿ ಹಲ್ಲು ಡಾಕ್ಟ್ರು ಆದಳು.

ಗುಜರಿಯವನ ಹತ್ತಿರ ಅದೇ ಕಾರಿಗೆ ಹೊಂದುವ ಎರಡು ಎಂಜಿನ್‌ಗಳು ಸಿಕ್ಕವು. ಒಂದು ಎರಡು ಲೀಟರಿನದು, ನಾಲ್ಕು ಸಿಲಿಂಡರು. ಇನ್ನೊಂದು ಮೂರು ಲೀಟರಿನದು, ಆರು ಸಿಲಿಂಡರು. ಮೇಲೆ ಕನ್ನಡಿಯಂತೆ ಹೊಳೆಯುವ ಆರು ಕೊಳವೆಗಳು. ಯಾವುದನ್ನು ಕೂರಿಸುವುದು? ಆರು ಎಂದಳು ಮಗಳು. ನಾಲ್ಕು ಎಂದೆ ನಾನು. ಜೀವಮಾನದಲ್ಲಿ ಒಂದು ದಿನವೂ ಕಾರು ಓಡಿಸದ ನಾನು ಇದರಲ್ಲಿ ಬಾಯಿ ಹಾಕಿದ್ದೇಕೆ ಎಂದು ಕೇಳುವವರು ನಮ್ಮ ಮನೆಯ ಪದ್ಧತಿಯನ್ನು ತಿಳಿಯಬೇಕು.

ಅವಳಿಗೆ ಹತ್ತು ವರ್ಷ ತುಂಬಿದಾಗ ನಾನು ಒಂದು ನಿಯಮ ಮಾಡಿದೆ. ಮನೆಯಲ್ಲಿ ಯಾವುದೇ ದೊಡ್ಡ ವಿಷಯ ಚರ್ಚೆಗೆ ಬಂದರೆ ಇಬ್ಬರೂ ತಮ್ಮ ಪಕ್ಷವನ್ನು ಹೇಳಬೇಕು. ಅನಂತರ ಒಬ್ಬೊಬ್ಬರೂ ಎದುರಾಳಿಯ ಪಕ್ಷವನ್ನು ಐದು ನಿಮಿಷ ಸಮರ್ಥಿಸಬೇಕು. ಕೇಳಿದವರು 'ಒಪ್ಪಿದೆ, ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಿರಿ' ಎನ್ನುವವರೆಗೆ ತೀರ್ಮಾನವಿಲ್ಲ. ಸುಳ್ಳು ಸಾಕ್ಷ್ಯ ತಂದವರು ಅಲ್ಲಿಗೇ ಸೋತಂತೆ. ಅವಳ ತಾಯಿ ಕಾಲಪಾಲಕಿ. ಸಮಯ ಮುಗಿದಾಗ ಚಮಚದಿಂದ ಲೋಟ ಬಡಿಯುತ್ತಿದ್ದಳು. ಮಗಳು ಯಾವ ಕೋರ್ಸು ಓದಬೇಕು ಎಂಬುದು ಹೀಗೇ ನಿರ್ಧಾರವಾಯಿತು. ಮದುವೆ ಬೇಡವೆಂಬುದೂ ಹೀಗೆಯೇ. ಎರಡರಲ್ಲೂ ನಾನು ಸೋತೆ.

ಎಂಜಿನ್ನಿನ ವಿಷಯದಲ್ಲಿ ನನ್ನ ವಾದ ತೂಕದ್ದಾಗಿತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿದ್ದವನಿಗೆ ಬೇರೆ ವಾದ ಹೊಳೆಯುವುದೂ ಇಲ್ಲ. ಗುಜರಿಗೆ ಹೋಗಿ ಎರಡನ್ನೂ ತಕ್ಕಡಿಗೇರಿಸಿದೆ. ಆರು ಸಿಲಿಂಡರಿನದು ಐವತ್ತೆರಡು ಕಿಲೋ ಹೆಚ್ಚು. ಅಷ್ಟು ಭಾರ ಮೂತಿಯ ಮೇಲೆ ಬಿದ್ದರೆ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ ಎಂದೆ. ಅವಳು ತಾಯಿಯ ಕಡೆ ನೋಡಿ, "ಐವತ್ತೆರಡು ಅಂದ್ರೆ ಅಮ್ಮನ ತೂಕ. ಅಮ್ಮನೇ ಬಾನೆಟ್ ಮೇಲೆ ಕೂತಿದ್ದಾಳೆ ಅಂದ್ಕೊಳ್ಳಿ ಅಪ್ಪ, ತಾನಾಗೇ ನಿಧಾನ ಓಡಿಸ್ತೀನಿ" ಎಂದಳು. ಕಾಲಪಾಲಕಿ ಸಮಯಕ್ಕೆ ಮೊದಲೇ ಲೋಟ ಬಡಿದಳು.

ಆ ವಾರವೇ ಮೆಕ್ಯಾನಿಕ್ ಒಂದು ತೊಡಕು ಹೇಳಿದ. ಈ ಕಾರಿನ ಮುಂಭಾಗ ಹಿಂದೆಂದೋ ಗುದ್ದಿಸಿಕೊಂಡು ರಿಪೇರಿಯಾಗಿದೆ, ಹಾಗಾಗಿ ಜಾಗ ಕಿರಿದಾಗಿದೆ, ಆರು ಸಿಲಿಂಡರು ಕೂರಲು ಹನ್ನೆರಡು ಮಿಲಿಮೀಟರ್ ಕಡಿಮೆ ಬೀಳುತ್ತದೆ, ಚೌಕಟ್ಟು ಕತ್ತರಿಸಬೇಕಾಗುತ್ತದೆ ಎಂದ. ಮೂರು ವಾರ ಕಳೆದು ನನ್ನ ಪಕ್ಷವನ್ನು ಸಮರ್ಥಿಸುವ ಸರದಿ ಅವಳಿಗೆ ಬಂತು. ಚಿಕ್ಕ ಎಂಜಿನ್ನಿನ ಪರವಾಗಿ ಅಷ್ಟು ಸೊಗಸಾದ ಮಾತನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಆದರೆ ಹನ್ನೆರಡು ಮಿಲಿಮೀಟರಿನ ವಿಷಯವನ್ನು ಅವಳು ಎತ್ತಲೇ ಇಲ್ಲ. ಇದ್ದುದರಲ್ಲಿ ಬಲವಾದ ಅಂಶವನ್ನೇ ಬಿಟ್ಟೆಯಲ್ಲ ಎಂದು ಕೇಳಿದೆ.

"ಅದು ಮೆಕ್ಯಾನಿಕ್ ಅಣ್ಣನ ವಾದ, ಅಪ್ಪ. ನಾನು ನಿಮ್ಮದನ್ನಷ್ಟೇ ಹೇಳಿದೆ" ಎಂದಳು.

ಒಪ್ಪಿದೆ ಎಂದೆ. ಮುಂದಿನ ಭಾನುವಾರ ನನ್ನ ಸರದಿ. ನಾನು ಮುಂದೂಡಿದೆ. ಅದರ ಮುಂದಿನ ಭಾನುವಾರವೂ ತಯಾರಿ ಆಗಿಲ್ಲವೆಂದೆ. ಗುರುವಾರ ಅವಳಿಗೆ ಜ್ವರ ಬಂತು. ಶನಿವಾರ ಅದು ಹೃದಯಕ್ಕಿಳಿದಿದೆ ಎಂದರು ವೈದ್ಯರು. ಭಾನುವಾರ ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯನ್ನು ಬದಿಗೆ ಸರಿಸಿ, "ನಿಮ್ಮ ಸರದಿ ಬಾಕಿ ಇದೆ" ಎಂದಳು. ಮನೆಗೆ ಬಂದ ಮೇಲೆ ಎಂದೆ. ಸೋಮವಾರ ಮಧ್ಯಾಹ್ನ ಎಲ್ಲವೂ ಮುಗಿಯಿತು. ಎರಡು ಎಂಜಿನ್‌ಗಳಲ್ಲಿ ಯಾವುದೂ ಅವಳನ್ನು ಮುಟ್ಟಲಿಲ್ಲ.

ನಾಳೆಯ ನಂತರ ಕಾಯುವುದಿಲ್ಲ, ಎರಡಕ್ಕೂ ಬೇರೆ ಗಿರಾಕಿ ಇದ್ದಾರೆ ಎಂದು ಗುಜರಿಯವನು ಹೇಳಿ ಕಳಿಸಿದ್ದಾನೆ. ಆದ್ದರಿಂದ ನಿಮ್ಮ ಸಲಹೆಗಳನ್ನು ಕ್ರಮವಾಗಿ ಪರಿಶೀಲಿಸಿದ್ದೇನೆ.

ಈ ಪತ್ರ ಓದುತ್ತಿರುವ ನನ್ನ ಭಾವಮೈದುನ, "ಮಾರಿಬಿಡಿ ಭಾವ, ನೋಡಿದಾಗೆಲ್ಲ ನೆನಪಾಗುತ್ತೆ" ಎಂದ. ನೆನಪಾಗಬಾರದೆಂದು ಮಾರಲು ಹೊರಟರೆ ಮೊದಲು ಈ ಮನೆಯನ್ನು, ಆಮೇಲೆ ನಿನ್ನ ಅಕ್ಕನನ್ನು, ಕೊನೆಗೆ ನನ್ನನ್ನು ಮಾರಬೇಕಾಗುತ್ತದೆ. ನನಗೆ ಗಿರಾಕಿ ಸಿಗುವುದು ಕಷ್ಟ. ತೊದಲದೆ ಓದು.

ಪ್ರಯೋಗಾಲಯದಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ, ಅವಳಿಗೆ ಇಷ್ಟವಿದ್ದದ್ದು ಆರು ಸಿಲಿಂಡರು, ಅದನ್ನೇ ಹಾಕಿಸಿ ಎಂದಳು. ಮಗೂ, ತೀರಿಕೊಂಡವರ ಇಷ್ಟವೆಂಬುದು ವಾದವಲ್ಲ. ಬದುಕಿದ್ದಾಗಲೂ ನನಗೆ ಇಷ್ಟ ಎಂಬ ಒಂದೇ ಕಾರಣಕ್ಕೆ ಅವಳು ಈ ಮನೆಯಲ್ಲಿ ಏನನ್ನೂ ಗೆದ್ದವಳಲ್ಲ. ಈಗ ಆ ರಿಯಾಯಿತಿ ಕೊಟ್ಟರೆ ಅವಳಿಗೆ ಅವಮಾನ.

ಮೆಕ್ಯಾನಿಕ್, ನಾಲ್ಕೇ ಸಾಕು ಸಾರ್ ಎಂದ. ಅವನು ಬೇರೇನನ್ನೂ ಹೇಳುವ ಹಾಗಿಲ್ಲ. ಇಲ್ಲಿ ನಾನು ಒಂದು ಸಂಗತಿಯನ್ನು ಸಭೆಯ ಮುಂದಿಡಬೇಕು.

ಆ ಕಾರಿನ ಮುಂಭಾಗ ಎಂದೂ ಗುದ್ದಿಸಿಕೊಂಡಿಲ್ಲ. ಜಾಗ ಕಿರಿದಾಗಿಲ್ಲ. ಐವತ್ತೆರಡು ಕಿಲೋಗಳಿಂದ ಅವಳು ಸೋಲುವುದಿಲ್ಲವೆಂದು ಗೊತ್ತಾದ ಮಾರನೆಯ ದಿನ ನಾನು ಶೆಡ್ಡಿಗೆ ಹೋಗಿ, ಆ ಸುಳ್ಳನ್ನು ಹೇಳುವಂತೆ ಮೆಕ್ಯಾನಿಕ್‌ನನ್ನು ಒತ್ತಾಯಿಸಿದೆ. "ಹಲ್ಲು ಡಾಕ್ಟ್ರಿಗೆ ಅಳತೆ ಬರುತ್ತೆ ಸಾರ್, ನನ್ನ ಕೈಲಾಗಲ್ಲ" ಎಂದ. ವಯಸ್ಸಿನಲ್ಲಿ ಹಿರಿಯನಾಗಿ ಕೈ ಮುಗಿದೆ. ಹನ್ನೆರಡು ಎಂಬ ಅಂಕಿಯೂ ನನ್ನದೇ. ಹತ್ತು ಎಂದರೆ ಅಂದಾಜಿನಂತೆ ಕೇಳಿಸುತ್ತದೆ, ಹನ್ನೆರಡು ಎಂದರೆ ಅಳೆದಂತೆ ಕೇಳಿಸುತ್ತದೆ. ಮೋಸದ ತಕ್ಕಡಿಗಳನ್ನು ಹಿಡಿಯುತ್ತಿದ್ದ ನನಗೆ ಅಷ್ಟು ತಿಳಿದಿತ್ತು. ಅವನನ್ನು ಯಾರೂ ಒಂದು ಮಾತೂ ಅನ್ನಕೂಡದು.

ಏಕೆ ಹೀಗೆ ಮಾಡಿದೆ ಎಂದರೆ, ಹೆದರಿಕೆ. ದೊಡ್ಡ ಎಂಜಿನ್ನು, ಒಬ್ಬಳೇ ಮಗಳು. ತೂಕ, ತಿರುವು, ಮೂತಿಯ ಭಾರ, ಎಲ್ಲವೂ ಅದಕ್ಕೆ ಹೊದಿಸಿದ ಬಟ್ಟೆ. ಅವಳ ಪಕ್ಷವನ್ನು ಸಮರ್ಥಿಸಬೇಕಾದರೆ ನನ್ನ ಮೊದಲ ವಾಕ್ಯ 'ಜಾಗ ಸಾಕಾಗುತ್ತದೆ' ಎಂದಾಗಬೇಕಿತ್ತು. ಅದಕ್ಕೇ ಎರಡು ಭಾನುವಾರ ತಯಾರಿ ಆಗಲಿಲ್ಲ.

ಇಂದು ನನ್ನ ಸರದಿ ಮುಗಿಸುತ್ತೇನೆ. ಐದು ನಿಮಿಷ ಬೇಕಾಗಿಲ್ಲ. ಜಾಗ ಸಾಕಾಗುತ್ತದೆ. ಕಾರು ಮಾಡಿದವರೇ ಈ ಎಂಜಿನ್ನನ್ನೂ ಇದರಲ್ಲಿ ಕೂರಿಸುತ್ತಿದ್ದರು. ಮೊನ್ನೆ ಗುಜರಿಯವನಿಗೆ ಹೇಳಿ ಅದನ್ನು ನೆಲದ ಮೇಲೆಯೇ ಚಾಲೂ ಮಾಡಿಸಿದೆ. ಅದರ ಸದ್ದು ಕಿವಿಗೆ ಬರುವ ಮೊದಲು ಪಾದಕ್ಕೆ ಬರುತ್ತದೆ. ಪಾದಕ್ಕೆ ಬಂದದ್ದು ನನಗೆ ಗೊತ್ತಾಯಿತು. ಈ ಇಪ್ಪತ್ತು ದಿನಗಳಲ್ಲಿ ಗೊತ್ತಾದದ್ದು ಅದೊಂದೇ. ಬೇರೆ ಸಮರ್ಥನೆ ನನ್ನಲ್ಲಿಲ್ಲ.

ಒಪ್ಪಿದೆ ಎನ್ನಬೇಕಾದವಳು ಇಲ್ಲ. ಹಾಗಾಗಿ ಚರ್ಚೆಯ ನಿಯಮದಂತೆ ತೀರ್ಮಾನ ಸಾಧ್ಯವಿಲ್ಲ. ಉಳಿದಿರುವುದು ಇನ್ನೊಂದು ನಿಯಮ: ಸುಳ್ಳು ಸಾಕ್ಷ್ಯ ತಂದವರು ಸೋತಂತೆ. ಅದರ ಪ್ರಕಾರ ನಾನು ಸೋತಿದ್ದೇನೆ. ಇದು ಶ್ರದ್ಧಾಂಜಲಿಯೆಂದು ಯಾರೂ ಕಣ್ಣೊರೆಸಿಕೊಳ್ಳಬೇಡಿ, ಇದು ಫಲಿತಾಂಶ.

ಯಾರನ್ನೂ ಕೇಳದೆ ನಾನೊಬ್ಬನೇ ಕೈಗೊಂಡ ತೀರ್ಮಾನ ಹೀಗಿದೆ. ಕಾರು ಮಾರಾಟಕ್ಕಿಲ್ಲ. ಮೆಕ್ಯಾನಿಕ್ ನಾಳೆ ಬೆಳಿಗ್ಗೆ ಆರು ಸಿಲಿಂಡರಿನ ಎಂಜಿನ್ನನ್ನು ತರಲಿ, ಏನನ್ನೂ ಕತ್ತರಿಸದೆ ಕೂರಿಸಲಿ. ಈ ಮನೆಯಲ್ಲಿ ಲೈಸೆನ್ಸ್ ಇರುವುದು ಅವಳ ತಾಯಿಗೆ ಮಾತ್ರ, ಓಡಿಸುವವಳು ಅವಳು. ನಾನು ಪಕ್ಕದಲ್ಲಿ ಕೂರುತ್ತೇನೆ, ತಿರುವುಗಳಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇನೆ.

ಇಂತು,
ಸೋತ ಪಕ್ಷದ ಪರವಾಗಿ,
ಅವಳ ಅಪ್ಪ

ಮರೆತ ಮಾತು: ಭಾವಮೈದುನನೇ, ಇಲ್ಲಿಂದ ಮುಂದೆ ಓದಬೇಡ. ಹಾಳೆಯನ್ನು ಮಡಚಿ ನಿನ್ನ ಅಕ್ಕನ ಕೈಗೆ ಕೊಡು.

ನೋಡು, ಆ ಗೆಳತಿ ಮೊನ್ನೆ ನನ್ನ ಕೈಗೊಂದು ಡಬ್ಬಿ ಕೊಟ್ಟು, ಮಗಳ ಮೇಜಿನ ಖಾನೆಯಲ್ಲಿತ್ತು ಎಂದಳು. ಒಳಗೆ ಹಲ್ಲಿನ ಅಚ್ಚು ತೆಗೆಯುವ ಬಿಳಿ ಪ್ಲಾಸ್ಟರಿನ ತುಂಡೊಂದಿದೆ. ಹಲ್ಲಿನದಲ್ಲ. ಕಾರಿನ ಮುಂಭಾಗದಲ್ಲಿ ಎಂಜಿನ್ ಕೂರುವ ಜಾಗದ ಮೂಲೆಯ ಅಚ್ಚು. ಮೇಲೆ ಪೆನ್ಸಿಲಿನಲ್ಲಿ ಅವಳ ಅಕ್ಷರ: 'ಜಾಗ ಸಾಕು. ಹನ್ನೊಂದು ಮಿ.ಮೀ. ಮಿಗುತ್ತೆ.' ಕೆಳಗಿನ ತಾರೀಖು ನೋಡಿದೆ. ಅವಳು ನನ್ನ ಪಕ್ಷವನ್ನು ಸಮರ್ಥಿಸಿದ ಭಾನುವಾರಕ್ಕಿಂತ ಎರಡು ವಾರ ಹಿಂದಿನದು. ಹಿಂಬದಿಯಲ್ಲಿ ಇನ್ನೊಂದು ಸಾಲಿದೆ: 'ಅಪ್ಪನೇ ಹೇಳಲಿ. ಅವರ ಸರದಿ ಇದೆಯಲ್ಲ.'

ಡಬ್ಬಿ ಒಳಕೋಣೆಯ ಮೇಜಿನ ಮೇಲಿದೆ. ಎಲ್ಲರೂ ಹೋದ ಮೇಲೆ ಬಂದು ನೋಡು. ಅಚ್ಚಿನ ಅಂಚಿನಲ್ಲಿ, ಪ್ಲಾಸ್ಟರು ಹಸಿಯಿದ್ದಾಗ ಒತ್ತಿದ ಅವಳ ಹೆಬ್ಬೆರಳಿನ ಗುಳಿಯಿದೆ. ನನ್ನ ಹೆಬ್ಬೆರಳನ್ನು ಅದರಲ್ಲಿಟ್ಟು ನೋಡಿದೆ. ಕೂರುವುದಿಲ್ಲ. ಅಳೆದೆ. ಎರಡು ಮಿಲಿಮೀಟರ್ ಕಡಿಮೆ ಬೀಳುತ್ತದೆ.