ಬೇಡ ಅಂದವರ ಹೆಸರು

ಜುಲೈ ೮, ಸಂಜೆ. ಕ್ಯಾಂಪಿನ ಮನೆ

ಖಾನಾಪುರದ ಬಸ್ಸು ಇವತ್ತೂ ಲೇಟು. ಕಾಲೇಜಿಗೆ ನಿಂತೇ ಹೋದೆ, ನಿಂತೇ ಬಂದೆ. ಛತ್ರಿ ಯಾರೋ ಎತ್ತಿಕೊಂಡು ಹೋದರು — ಅವರ ಮನೆ ಹಾಳಾಗಲಿ.

ಬಿ.ಎ. ಎರಡನೇ ವರ್ಷದವರಿಗೆ ಸಂವಿಧಾನ ಸಭೆಯ ಚರ್ಚೆ ಶುರು ಮಾಡಿದೆ. ಅರ್ಧ ಕ್ಲಾಸು ಮೊಬೈಲಿನಲ್ಲಿ. "ಮೇಡಂ, ಇದು ಎಕ್ಸಾಮಿಗೆ ಬರ್ತೈತೇನ್ರಿ?" ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ನನ್ನ ಪಾಠ. ಸಿಟ್ಟು ಬಂತು. ಪುಸ್ತಕ ಮುಚ್ಚಿ ಹೇಳಿದೆ: ಆ ಸಭೆಯಲ್ಲಿ ಸೋತವರ ಮಾತನ್ನೂ ಬರೆದಿಟ್ಟಿದ್ದಾರೆ. ತಿದ್ದುಪಡಿ ಬಿದ್ದುಹೋಯಿತು, ಆದರೆ ತಂದವರ ಹೆಸರು, ಕೊಟ್ಟ ಕಾರಣ, ಎಲ್ಲ ಉಳಿಯಿತು. "ಬೇಡ" ಅಂದದ್ದನ್ನು ಅಳಿಸದೆ ಇಟ್ಟುಕೊಂಡ ದೇಶ ನಮ್ಮದು… ಗೆಸ್ಟ್ ಲೆಕ್ಚರರಿಗೆ ಇಷ್ಟು ಆವೇಶ ಯಾಕೋ.

ಹಿಂದಿನ ಬೆಂಚಿನ ಮಾಯಕ್ಕ ಒಬ್ಬಳೇ ಬರೆದುಕೊಂಡಳು.

ಜುಲೈ ೧೬

ಮಾಯಕ್ಕ ಸ್ಟಾಫ್‌ರೂಮಿಗೆ ಬಂದಿದ್ದಳು. ಅವಳ ಊರು ಅಡವಿಯೊಳಗೆ. ಊರನ್ನೇ ಎಬ್ಬಿಸಿ ಅಡವಿಯಿಂದ ಹೊರಗೆ ಸಾಗಿಸುವ ಮಾತು ನಡೆದಿದೆಯಂತೆ. ಅದಕ್ಕೆ ಗ್ರಾಮಸಭೆ ಒಪ್ಪಬೇಕು. ಅಧಿಕಾರಿಗಳು ಎರಡು ಸಲ ಸಭೆ ಕರೆದರು. ಊರವರು ಒಬ್ಬರೂ ಹೋಗಲಿಲ್ಲ. ಕೋರಂ ಆಗುವಷ್ಟು ಜನ ಇಲ್ಲ, ಸಭೆ ಇಲ್ಲ, ಒಪ್ಪಿಗೆಯೂ ಇಲ್ಲ. ಆಗಸ್ಟ್ ೫ಕ್ಕೆ ಮೂರನೇ ಸಲ ಕರೆದಿದ್ದಾರೆ.

"ನಮ್ಮಜ್ಜಂದು ಒಂದ ಹಟಾ ರೀ ಮೇಡಂ. ಹೋಗೂದ ಬ್ಯಾಡ ಅಂತಾನ."

"ಎಷ್ಟ ದಿನ ಮನ್ಯಾಗ ಅಡಗಿ ಕುಂಡ್ರತೀರಿ? ಹೋಗ್ರಿ. ಎದ್ದ ನಿಂತು ಬ್ಯಾಡ ಅನ್ರಿ. ಬರಸ್ರಿ ಅದನ್ನ."

ಅವಳ ಕಣ್ಣು ಅರಳಿತು. ನಾನೂ ಬೀಗಿದೆ.

ಜುಲೈ ೨೦

ಅವಳ ಊರಿಗೆ ಹೋಗಿ ಬಂದೆ. ಬಸ್ಸಿಳಿದು ಕೆಸರಿನಲ್ಲಿ ನಡಿಗೆ, ಕಾಲಿಗೆ ಜಿಗಣೆ. ಅಜ್ಜ ಭರಮಪ್ಪ ಕಟ್ಟೆಯ ಮೇಲೆ ಬುಟ್ಟಿ ಹೆಣೆಯುತ್ತಿದ್ದ. ಮಾಯಕ್ಕನ ತಾಯಿ ಗೌರವ್ವ ಬೆಲ್ಲದ ಚಹಾ ಕೊಟ್ಟಳು. ಊರೆಲ್ಲ ಬಂದು ಸುತ್ತ ಕೂತಿತು.

"ಅಕ್ಕಾರ, ನಾವು ಹೋಗಲಿಲ್ಲಂದ್ರ ಅವರದೇನೂ ನಡ್ಯೂದಿಲ್ಲ. ಹ್ವಾದ್ವೆಂದ್ರ ಸಿಕ್ಕೊಂಡ್ವಿ," ಅಂದ ಅಜ್ಜ.

"ಅಜ್ಜಾರ, ಕಾಯ್ದೆ ನಿಮ್ಮ ಕಡೆ ಐತ್ರಿ. ನೀವು ಬ್ಯಾಡ ಅಂದದ್ದನ್ನ ಬರೀಲೇಬೇಕು."

"ಖರೇ?"

"ಖರೇನ್ರಿ."

ನನ್ನ ಮುಖ ನೋಡಿದ. ಆಮೇಲೆ ಗೌರವ್ವನ ಕಡೆ ತಿರುಗಿ, "ಓದಿದಾರು ಹೇಳಾಕತ್ತಾರ. ಹೋಗೂಣು," ಅಂದ. ಎಷ್ಟು ಖುಷಿ ನನಗೆ! ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ.

ಅಮ್ಮಿ ಕೊತ್ತಂಬರಿ ಸೋಸುತ್ತ ಕೇಳಿದಳು — ಶೈಸ್ತಾ, ಅವರ ಜೊತೆ ನೀನೂ ಹೋಗ್ತೀಯಲ್ಲ? ಆ ದಿನ ಇಂಟರ್ನಲ್ಸ್ ಡ್ಯೂಟಿ ಇದೆ ಅಂದೆ. ಅಮ್ಮಿ ಕೊತ್ತಂಬರಿ ಎತ್ತಿಕೊಂಡು ಒಳಗೆ ಹೋದಳು.

ಆಗಸ್ಟ್ ೫, ಮಧ್ಯಾಹ್ನ

ಇವತ್ತು ಸಭೆ. ಫೋನ್ ಹಚ್ಚುತ್ತಲೇ ಇದ್ದೇನೆ. ಅಲ್ಲಿ ರೇಂಜ್ ಇಲ್ಲ.

ಆಗಸ್ಟ್ ೬

ಮಾಯಕ್ಕ ಬಂದಳು. ಕೂರು ಅಂದರೂ ಕೂರಲಿಲ್ಲ.

ಊರಿಗೆ ಊರೇ ಹೋಗಿತ್ತಂತೆ, ನಡೆಯಲಾಗದ ಮುದುಕಿಯರನ್ನು ಹೊತ್ತುಕೊಂಡು. ಬಾಗಿಲಲ್ಲೇ ಸಹಿ, ಹೆಬ್ಬೆಟ್ಟು. ಹಾಜರಿಗೆ ಅಂದರು, ಹಾಕಿದರು. ನಾನು ಕಲಿಸಿದ ಹಾಗೆ ಇವಳು ಎದ್ದು, ಹೆಸರು ಹೇಳಿ, ಬೇಡ ಅಂದಳು. ಭರಮಪ್ಪ ಎದ್ದ. ಗೌರವ್ವ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. "ಬರಕೊಂಡೀವಿ, ಕುಂದರ್ರಿ," ಅಂದರು ಮೇಜಿನ ಆಚೆಯವರು. ಚಹಾ ಕೊಟ್ಟು ಕಳಿಸಿದರು.

ಇವತ್ತು ಬೆಳಿಗ್ಗೆ ಪಂಚಾಯತಿ ಬೋರ್ಡಿಗೆ ಸಭೆಯ ಠರಾವು ಹಚ್ಚಿದ್ದಾರೆ. ಕೋರಂ ಇತ್ತು. ಹಾಜರಿದ್ದವರೆಲ್ಲರ ಒಪ್ಪಿಗೆ ಸಿಕ್ಕಿತು ಅಂತ ಬರೆದಿದೆಯಂತೆ. ಕೆಳಗೆ ಅವೇ ಸಹಿ, ಅವೇ ಹೆಬ್ಬೆಟ್ಟು.

"ನಾವು ಬ್ಯಾಡ ಅಂದದ್ದು ಒಂದ ಅಕ್ಷರನೂ ಇಲ್ರಿ ಮೇಡಂ. ಮನ್ಯಾಗ ಕುಂತಿದ್ರ ಸಭಾನ ಆಗ್ತಿದ್ದಿಲ್ಲ."

ಬಯ್ಯಲಿಲ್ಲ ಹುಡುಗಿ. ಬೈದಿದ್ದರೆ ಚೆನ್ನಾಗಿತ್ತು. ಕೋರಂ ತುಂಬಿಸಿಕೊಟ್ಟವಳು ನಾನು. ಬೇರೆ ಯಾರೂ ಅಲ್ಲ.

ಆಗಸ್ಟ್ ೧೯

ಹಿಂದವಾಡಿಯಲ್ಲಿ ವಕೀಲ ಬಸವಪ್ರಸಾದರ ಮನೆಗೆ ಮಾಯಕ್ಕನನ್ನು ಕರೆದುಕೊಂಡು ಹೋದೆ. ಠರಾವು ಎರಡು ಸಲ ಓದಿದರು.

"ಸಹಿ ನಿಮ್ಮವ ಏನ್ರಿ?"

"ಹೌದ್ರಿ."

"ವಿರೋಧ ಮಾಡಿದ್ದಕ್ಕ ಪುರಾವೆ? ವಿಡಿಯೋ ಗಿಡಿಯೋ?"

ಇಲ್ಲ. ಬರೆದುಕೊಂಡಿದ್ದೇವೆ ಅಂದಿದ್ದರಲ್ಲ, ನಂಬಿದರು.

"ಕೇಸ್ ಹಾಕೂಣ್ರಿ. ಆದರ ಭಾಳ ಆಶಾ ಇಟ್ಕೋಬ್ಯಾಡ್ರಿ. ತಾರೀಖು ಬರೂದ್ರಾಗ ಊರ ಖಾಲಿ ಆಗಿರ್ತೈತಿ."

ಮನೆಗೆ ಬಂದು ಮತ್ತೆ ಸಂವಿಧಾನ ಸಭೆಯ ಆ ಚರ್ಚೆಗಳನ್ನೇ ತೆಗೆದೆ. ಸೋಲು ಖಚಿತ ಅಂತ ಗೊತ್ತಿದ್ದೂ ಒಬ್ಬರು ಪುಟಗಟ್ಟಲೆ ಮಾತಾಡುತ್ತಾರೆ. ಉಳಿದವರು ಕೇಳಿಸಿಕೊಳ್ಳುತ್ತಾರೆ. ಒಬ್ಬರು ಬರೆದುಕೊಳ್ಳುತ್ತಾರೆ. ಅಳು ತಡೆಯಲಾಗಲಿಲ್ಲ. ಇದು ಸುಳ್ಳಾಗಿದ್ದರೆ ರದ್ದಿಗೆ ಹಾಕಿ ಸುಮ್ಮನಿರಬಹುದಿತ್ತು. ಸುಳ್ಳಲ್ಲ, ಅದೇ ಸಂಕಟ. ಇದನ್ನು ಓದಿರದಿದ್ದರೆ ಎಲ್ಲ ಕಡೆ ಹೀಗೇ ಬಿಡು ಅನ್ನುತ್ತಿದ್ದೆ. ಓದಿದ್ದೇನೆ, ಹಾಗೆ ಅನ್ನಲಾಗುತ್ತಿಲ್ಲ.

ಸೆಪ್ಟೆಂಬರ್ ೧೫

ಕಾಲೇಜಿನಲ್ಲಿ ಪೀಠಿಕೆ ಓದುವ ಕಾರ್ಯಕ್ರಮ. ಪ್ರಿನ್ಸಿಪಾಲರು ಮೈಕು ನನ್ನ ಕೈಗೇ ಕೊಟ್ಟರು. ನಾನು ಹೇಳಬೇಕು, ಹುಡುಗರು ಹಿಂದಿನಿಂದ. "ನಾವು" ಅನ್ನುವಲ್ಲಿ ನಿಂತುಬಿಟ್ಟೆ. ಮೈಕು ಕೆಟ್ಟಿತು ಅಂದುಕೊಂಡು ಪ್ಯೂನ್ ಓಡಿಬಂದ.

ಹಿಂದಿನ ಬೆಂಚು ಖಾಲಿ. ಕಳೆದ ವಾರವೇ ಮಾಯಕ್ಕ ಟಿ.ಸಿ. ತೆಗೆದುಕೊಂಡು ಹೋದಳಂತೆ. ನನಗೆ ಹೇಳದೆ.

ಅಕ್ಟೋಬರ್ ೯

ಮಾಯಕ್ಕನ ಫೋನು, ರೇಂಜ್ ಸಿಗುವ ರಸ್ತೆಗೆ ಬಂದು. ಹಿಂದೆ ಲಾರಿ ಸದ್ದು.

"ಸಾಮಾನೆಲ್ಲ ಹೇರ್ಯಾರ್ರಿ. ಅಜ್ಜ ಕಟ್ಟೀ ಮ್ಯಾಲಿಂದ ಏಳವಲ್ಲ." ಲಾರಿಯವನು ಹಾರ್ನ್ ಹೊಡೆದ. "ಮೇಡಂ, ನೀವರ ಬರದ ಇಡ್ರಿ. ನಾವು ಬ್ಯಾಡ ಅಂದಿದ್ವಿ ಅಂತ."

ಫೋನ್ ಕಟ್ ಆಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

ಬರೆಯುತ್ತೇನೆ. ಸಭೆಯಲ್ಲಿ ಎದ್ದು ನಿಂತು ಬೇಡ ಅಂದವರು —

ಮಾಯಕ್ಕ.
ಭರಮಪ್ಪ.
ಗೌರವ್ವ.
ನನ್ನ ಕಾಲಿನ ಜಿಗಣೆಗೆ ಸುಣ್ಣ ಹಚ್ಚಿದ ಮುದುಕಿ. ಹೆಸರು ಕೇಳಲಿಲ್ಲ.
ಬಸ್ಸಿನ ತನಕ ಕಂದೀಲು ಹಿಡಿದು ಬಂದವನು. ಅವನದೂ ಕೇಳಲಿಲ್ಲ.

ಊರಿಗೆ ಊರೇ ನನ್ನೆದುರು ಕೂತಿತ್ತು. ನಾನು ಒಂದೇ ಸಮ ಮಾತಾಡುತ್ತಿದ್ದೆ. ಮೂರೇ ಹೆಸರು ಗೊತ್ತು ನನಗೆ. ನಾಲ್ಕನೆಯದು —